ಹಳೆಯ ಲಾರಿಗಳ ಇಂಡಿಕೇಟರ್ ಹಾಗೂ ಹಜಾರ್ಡ್ ದೀಪಗಳು: ದೋಷ ಪತ್ತೆಯ ಕ್ರಮ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರಲ್ಲಿ ಸ್ವಂತ ಲಾರಿ ಇಟ್ಟುಕೊಂಡವರು ಅನೇಕರಿದ್ದಾರೆ. ಕಬ್ಬು, ಬೆಲ್ಲ, ಭತ್ತ, ಅಕ್ಕಿ, ತೆಂಗಿನಕಾಯಿ, ಇಟ್ಟಿಗೆ, ಜಲ್ಲಿ ಮುಂತಾದ ಸರಕುಗಳ ಸಾಗಣೆಗೆ ಇವರು ಬಳಸುವ ವಾಹನಗಳು ಬಹುಮಟ್ಟಿಗೆ ಹಳೆಯವು. ಹಲವು ಎರಡು ಮೂರು ಕೈ ಬದಲಾಯಿಸಿ ಬಂದವು. ಎಂಜಿನ್, ಟೈರು, ಕಮಾನುಪಟ್ಟಿಗಳಿಗೆ ಖರ್ಚು ಮಾಡಲು ಹಿಂಜರಿಯದ ಮಾಲೀಕರು ಇಂಡಿಕೇಟರಿನ ವಿಷಯ ಬಂದಾಗ ಮಾತ್ರ ‘ಎಫ್.ಸಿ. ಹೊತ್ತಿಗೆ ನೋಡಿಕೊಂಡರಾಯಿತು’ ಎನ್ನುವುದು ಸಾಮಾನ್ಯ. ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಎಷ್ಟು ಮತ್ತು ದೋಷವನ್ನು ಊಹೆಯಿಂದಲ್ಲದೆ ಕ್ರಮದಿಂದ ಕಂಡುಹಿಡಿಯುವುದು ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಲೆಕ್ಕಪರಿಶೋಧಕನಿಗೂ ಲಾರಿಯ ದೀಪಕ್ಕೂ ಏನು ನಂಟು ಎಂದು ಸದಸ್ಯ ಬಾಂಧವರು ಕೇಳಬಹುದು. ನಂಟು ಓಚರುಗಳ ಮೂಲಕ ಬಂದದ್ದು. ಒಂದೇ ಲಾರಿಯ ಹೆಸರಿನಲ್ಲಿ ಎರಡು ತಿಂಗಳಲ್ಲಿ ಮೂರು ಫ್ಲಾಷರ್, ಒಂದು ಸ್ವಿಚ್, ಒಂದು ಡಜನ್ ಬಲ್ಬ್ ಖರೀದಿಯಾಗಿರುವುದನ್ನು ಕಂಡಾಗ, ಯಾರೂ ಮೋಸ ಮಾಡಿಲ್ಲವೆಂದು ಖಚಿತವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಇಷ್ಟೆಲ್ಲ ಬದಲಾಯಿಸಿದರೂ ದೋಷ ಏಕೆ ಹೋಗಲಿಲ್ಲ? ಉತ್ತರ ಸರಳವಾಗಿದೆ. ಕೆಟ್ಟಿದ್ದ ಭಾಗ ಯಾವುದೆಂದು ಯಾರೂ ಹುಡುಕಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಬದಲಾಯಿಸಿದ್ದರು, ಅಷ್ಟೆ.

ಹೊಣೆ ಯಾರ ಮೇಲೆ ಬೀಳುತ್ತದೆ

ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯಿದೆ, 1988ರ 56ನೇ ಕಲಮಿನಂತೆ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಸಿಂಧುವಾಗಿ ನೋಂದಣಿಯಾದ ವಾಹನವೆಂದೇ ಪರಿಗಣಿಸಲಾಗುವುದಿಲ್ಲ. ಎಂಟು ವರ್ಷ ಮೀರಿದ ವಾಹನಗಳಿಗೆ ಈ ಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 103ನೇ ನಿಯಮವು ಇಂಡಿಕೇಟರ್ ದೀಪವು ಹಳದಿಗೆಂಪು ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ಕ್ಕಿಂತ ಹೆಚ್ಚಿಲ್ಲದಂತೆ ಮಿನುಗಬೇಕು ಎಂದು ಹೇಳುತ್ತದೆ. ಈ ಅಂಕಿಗಳು ಸುಮ್ಮನೆ ಬಂದವಲ್ಲ. ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275, 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣದ ಬಳಿ ವಾಹನಗಳ ವೇಗ ಎಷ್ಟು ಏರಿತೆಂಬುದು ಎಲ್ಲರಿಗೂ ತಿಳಿದಿದೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಕ್ರಮಿಸುತ್ತದೆ. ನಿಮಿಷಕ್ಕೆ 30 ಬಾರಿ ಮಾತ್ರ ಮಿನುಗುವ ಸೋಮಾರಿ ಇಂಡಿಕೇಟರಿನ ಎರಡು ಮಿನುಗುಗಳ ನಡುವೆ ಆ ಕಾರು 55 ಮೀಟರ್ ಹತ್ತಿರ ಬಂದಿರುತ್ತದೆ. ಹಿಂದಿನ ಚಾಲಕ ಅದನ್ನು ಸೂಚನೆಯೆಂದು ಗುರುತಿಸುವಷ್ಟರಲ್ಲಿ ನಮ್ಮ ಲಾರಿ ಅರ್ಧ ತಿರುಗಿರುತ್ತದೆ.

ನಿಂತ ಲಾರಿಯ ವಿಷಯ ಇನ್ನೂ ಗಂಭೀರ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ದೀಪವಿಲ್ಲದೆ ರಸ್ತೆಯ ನಡುವೆ ನಿಂತಿದ್ದ ಅನಿಲ ಟ್ಯಾಂಕರಿಗೆ ಕಾರು ಗುದ್ದಿದ ಪ್ರಕರಣದಲ್ಲಿ, ಕಾರಿನ ಚಾಲಕನ ಮೇಲೆ ಹೈಕೋರ್ಟ್ ಹೊರಿಸಿದ್ದ ಅರ್ಧಪಾಲು ತಪ್ಪನ್ನು ತೆಗೆದುಹಾಕಿತು. 2024ರ ಸೆಪ್ಟೆಂಬರಿನಲ್ಲಿ, 2013ರ ಅಪಘಾತವೊಂದರ ಬಗ್ಗೆ ಕರ್ನಾಟಕದಿಂದ ಹೋಗಿದ್ದ ಮೇಲ್ಮನವಿಯಲ್ಲಿಯೂ ಇದೇ ನಿಲುವು ಬಂತು: ಎಚ್ಚರಿಕೆಯ ದೀಪವಿಲ್ಲದೆ ಹೆದ್ದಾರಿಯಲ್ಲಿ ನಿಂತಿದ್ದ ಭಾರಿ ಲಾರಿಯ ಕಡೆಯವರೇ ಹೊಣೆಗಾರರು. ‘ಹಿಂದಿನಿಂದ ಬಂದು ಗುದ್ದಿದವನದೇ ತಪ್ಪು’ ಎಂಬ ಹಳೆಯ ಸಮಾಧಾನವನ್ನು ನಂಬಿ ಕುಳಿತವರು ಈ ಎರಡು ತೀರ್ಪುಗಳನ್ನು ನೆನಪಿನಲ್ಲಿಡತಕ್ಕದ್ದು. ವಿಮೆ ಇದೆಯಲ್ಲ ಎನ್ನುವವರಿಗೂ ಒಂದು ಮಾತು: ವಾಹನದ ದಾಖಲೆಗಳಲ್ಲಿ ಊನವಿದ್ದರೆ, ಪರಿಹಾರವನ್ನು ಮೊದಲು ವಿಮಾ ಕಂಪನಿಯೇ ಪಾವತಿಸಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುವುದುಂಟು. ಮೋಟಾರು ಅಪಘಾತ ಪರಿಹಾರದ ಮೊತ್ತ ಸಣ್ಣ ಆಲೆಮನೆಯೊಂದರ ಬಂಡವಾಳವನ್ನೇ ನುಂಗಬಲ್ಲದು.

ವಿದ್ಯುತ್ತು ಹೋಗುವ ದಾರಿ

ಇಂಡಿಕೇಟರ್ ವ್ಯವಸ್ಥೆಯನ್ನು ಒಂದು ಖಾತೆಯಂತೆ ಭಾವಿಸಿದರೆ ತಿಳಿಯುವುದು ಸುಲಭ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್, ಕೀಲಿಯ ಸ್ವಿಚ್, ಹಜಾರ್ಡ್ ಸ್ವಿಚ್, ಫ್ಲಾಷರ್, ಸ್ಟಿಯರಿಂಗ್ ಕೆಳಗಿನ ಇಂಡಿಕೇಟರ್ ಸ್ವಿಚ್, ಎಡ ಅಥವಾ ಬಲ ಭಾಗದ ತಂತಿ ಇವುಗಳನ್ನು ದಾಟಿ ಬಲ್ಬನ್ನು ತಲುಪುತ್ತದೆ. ಅಲ್ಲಿಂದ ಚಾಸಿಯ ಕಬ್ಬಿಣದ ಮೂಲಕ ಮತ್ತೆ ಬ್ಯಾಟರಿಗೆ ಮರಳುತ್ತದೆ. ಹೋದದ್ದೆಲ್ಲ ಮರಳಲೇಬೇಕು. ಮರಳುವ ಈ ದಾರಿಯನ್ನೇ ಮೆಕ್ಯಾನಿಕ್‌ಗಳು ಅರ್ತ್ ಎನ್ನುತ್ತಾರೆ. ಹಜಾರ್ಡ್ ಒತ್ತಿದಾಗ ಕೀಲಿಯ ಸ್ವಿಚ್ಚಿನ ಹಂಗಿಲ್ಲದೆ, ಬೇರೊಂದು ಫ್ಯೂಸಿನ ಮೂಲಕ ನೇರವಾಗಿ ಬ್ಯಾಟರಿಯಿಂದ ವಿದ್ಯುತ್ತು ಬಂದು ಎಡಬಲಗಳೆರಡಕ್ಕೂ ಒಟ್ಟಿಗೆ ಹಂಚಿಕೆಯಾಗುತ್ತದೆ. ಕೀಲಿ ತೆಗೆದರೂ ಹಜಾರ್ಡ್ ಉರಿಯುವುದು ಇದರಿಂದಲೇ.

ದೊಡ್ಡ ಲಾರಿಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಚಿಕ್ಕ ಸರಕು ವಾಹನಗಳಲ್ಲಿ 12 ವೋಲ್ಟ್ ಇರುತ್ತದೆ. ಬಲ್ಬು, ಫ್ಲಾಷರ್, ಟೆಸ್ಟ್ ಲ್ಯಾಂಪ್ ಎಲ್ಲವೂ ಆಯಾ ವೋಲ್ಟಿನವೇ ಆಗಿರಬೇಕು. ಅಂಗಡಿಯವನು ಕೊಟ್ಟದ್ದನ್ನು ಓದದೆ ಹಾಕುವುದರಿಂದ ಆಗುವ ನಷ್ಟ ಸಣ್ಣದೆನಿಸಿದರೂ ಪದೇ ಪದೇ ಆಗುವಂಥದು. 24 ವೋಲ್ಟಿನ ಲಾರಿಗೆ 12 ವೋಲ್ಟಿನ ಬಲ್ಬ್ ಹಾಕಿದರೆ ಹೊತ್ತಿದ ಕ್ಷಣವೇ ಸುಟ್ಟುಹೋಗುತ್ತದೆ.

ಮೊದಲ ಪರೀಕ್ಷೆ: ಹಜಾರ್ಡ್ ಒತ್ತಿ ನೋಡುವುದು

ತಾಳೆಪಟ್ಟಿ ಹೊಂದದಿದ್ದಾಗ ಲೆಕ್ಕಿಗರು ವ್ಯತ್ಯಾಸದ ಮೊತ್ತವನ್ನು ಎರಡರಿಂದ ಭಾಗಿಸಿ, ಆ ಮೊತ್ತದ ನಮೂದು ತಪ್ಪು ಬದಿಗೆ ಹೋಗಿದೆಯೇ ಎಂದು ನೋಡುತ್ತಾರೆ. ಒಂಬತ್ತರಿಂದ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರಬಹುದೆಂದು ಶಂಕಿಸುತ್ತಾರೆ. ಇಡೀ ಪುಸ್ತಕವನ್ನು ಮೊದಲಿನಿಂದ ಬರೆಯುವುದಿಲ್ಲ. ಹುಡುಕಬೇಕಾದ ಜಾಗವನ್ನು ಕಿರಿದು ಮಾಡಿಕೊಳ್ಳುತ್ತಾರೆ. ಲಾರಿಯಲ್ಲಿ ಈ ಕೆಲಸವನ್ನು ಮಾಡಿಕೊಡುವುದು ಹಜಾರ್ಡ್ ಸ್ವಿಚ್. ಒಂದು ರೂಪಾಯಿಯೂ ಖರ್ಚಿಲ್ಲದ ಪರೀಕ್ಷೆ ಇದು.

ಇಂಡಿಕೇಟರ್ ಎರಡು ಕಡೆಯೂ ಸತ್ತಿದ್ದು, ಹಜಾರ್ಡ್ ಒತ್ತಿದಾಗ ನಾಲ್ಕೂ ದೀಪ ಸರಿಯಾಗಿ ಮಿನುಗಿದರೆ, ಬಲ್ಬುಗಳು, ಅವುಗಳವರೆಗಿನ ತಂತಿಗಳು, ಅರ್ತ್ ಇವೆಲ್ಲ ಸರಿಯಿವೆ ಎಂದು ತಿಳಿಯಬೇಕು. ಎರಡಕ್ಕೂ ಒಂದೇ ಫ್ಲಾಷರ್ ಇರುವ ಲಾರಿಯಾದರೆ ಫ್ಲಾಷರ್ ಕೂಡ ನಿರಪರಾಧಿ. ದೋಷ ಇರಬೇಕಾದದ್ದು ಇಂಡಿಕೇಟರಿನ ಫ್ಯೂಸ್, ಕೀಲಿಯಿಂದ ಬರುವ ತಂತಿ, ಇಂಡಿಕೇಟರ್ ಸ್ವಿಚ್, ಇಲ್ಲವೇ ಹಜಾರ್ಡ್ ಸ್ವಿಚ್ಚಿನ ಒಳಸಂಪರ್ಕದಲ್ಲಿ ಮಾತ್ರ. ಕೊನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಲವು ಲಾರಿಗಳಲ್ಲಿ ಇಂಡಿಕೇಟರಿಗೆ ಹೋಗುವ ವಿದ್ಯುತ್ತು ಆರಿಸಿಟ್ಟ ಹಜಾರ್ಡ್ ಸ್ವಿಚ್ಚಿನ ಒಳಗಿನಿಂದಲೇ ಹಾದುಹೋಗುತ್ತದೆ. ವರ್ಷಗಟ್ಟಲೆ ಒತ್ತದೆ ಬಿಟ್ಟ ಸ್ವಿಚ್ಚಿನಲ್ಲಿ ದೂಳು, ಕಿಲುಬು ಕೂತು ಸಂಪರ್ಕ ತಪ್ಪುತ್ತದೆ. ಆ ಸ್ವಿಚ್ಚನ್ನು ಹತ್ತು ಹದಿನೈದು ಬಾರಿ ಒತ್ತಿ ಬಿಟ್ಟರೆ ಸತ್ತ ಇಂಡಿಕೇಟರ್ ಎದ್ದು ಕೂರುವುದುಂಟು. ಹಾಗೆ ಎದ್ದರೆ ಸ್ವಿಚ್ಚನ್ನು ಬೇಗನೆ ಶುಚಿಗೊಳಿಸಬೇಕು ಅಥವಾ ಬದಲಿಸಬೇಕು, ಏಕೆಂದರೆ ಅದು ಮತ್ತೆ ಕೈಕೊಡುವುದು ನಿಶ್ಚಿತ.

ಇದಕ್ಕೆ ವಿರುದ್ಧವಾಗಿ ಇಂಡಿಕೇಟರ್ ಸರಿಯಿದ್ದು ಹಜಾರ್ಡ್ ಮಾತ್ರ ಸತ್ತಿದ್ದರೆ ಹಜಾರ್ಡಿನ ಪ್ರತ್ಯೇಕ ಫ್ಯೂಸ್ ಮತ್ತು ಸ್ವಿಚ್ಚನ್ನು ನೋಡಬೇಕು. ಬೇರೆ ಫ್ಲಾಷರ್ ಇದ್ದರೆ ಅದನ್ನೂ ಸೇರಿಸಿ. ಎರಡೂ ಸತ್ತಿದ್ದರೆ ಶಂಕೆ ಮೊದಲು ಫ್ಲಾಷರಿನ ಕಡೆಗೆ. ಎರಡರಲ್ಲೂ ಒಂದೇ ಬದಿ ಸತ್ತಿದ್ದರೆ ಫ್ಲಾಷರಿನ ತಂಟೆಗೇ ಹೋಗಬೇಕಾಗಿಲ್ಲ; ದೋಷ ಆ ಬದಿಯ ಬಲ್ಬ್, ಹೋಲ್ಡರ್, ತಂತಿ ಅಥವಾ ಅರ್ತ್‌ನಲ್ಲಿದೆ. ಮೇಲೆ ಹೇಳಿದ ಮೂರು ಫ್ಲಾಷರುಗಳ ಲಾರಿಯಲ್ಲಿ ಎಡಗಡೆ ಚೆನ್ನಾಗಿ ಮಿನುಗುತ್ತಿತ್ತು, ಬಲಗಡೆ ಮಾತ್ರ ಇರಲಿಲ್ಲ. ಎಡವನ್ನು ಮಿನುಗಿಸುವ ಫ್ಲಾಷರ್ ಬಲಕ್ಕೆ ಮಾತ್ರ ಕೆಟ್ಟಿರುವುದು ಹೇಗೆ ಎಂದು ಒಬ್ಬರು ಕೇಳಿದ್ದರೂ ಆ ಖರ್ಚು ಉಳಿಯುತ್ತಿತ್ತು.

ಫ್ಲಾಷರ್ ಕೆಟ್ಟಿದೆಯೆಂದು ಹೇಳುವ ಮುನ್ನ

ಫ್ಲಾಷರನ್ನು ಕಿತ್ತು, ಅದರ ಒಳಬರುವ ಮತ್ತು ಹೊರಹೋಗುವ ತಂತಿಗಳನ್ನು, ಅಂದರೆ ಬಹುಪಾಲು ಫ್ಲಾಷರುಗಳ ಮೇಲೆ 49 ಮತ್ತು 49ಎ ಎಂದು ಗುರುತಿಸಿರುವ ತುದಿಗಳ ತಂತಿಗಳನ್ನು, ಒಂದು ತುಂಡು ವೈರಿನಿಂದ ಕೂಡಿಸಿ ಇಂಡಿಕೇಟರ್ ಹಾಕಿ ನೋಡಬೇಕು. 31 ಎಂದು ಗುರುತಿಸಿರುವ ಅರ್ತ್ ತಂತಿಯನ್ನು ಮಾತ್ರ ಅಪ್ಪಿತಪ್ಪಿಯೂ ಇದಕ್ಕೆ ತಾಗಿಸಬಾರದು. ದೀಪಗಳು ಮಿನುಗದೆ ಸ್ಥಿರವಾಗಿ ಉರಿದರೆ ದಾರಿಯೆಲ್ಲ ಸರಿಯಿದೆ, ಫ್ಲಾಷರ್ ಮಾತ್ರ ಹೋಗಿದೆ. ಉರಿಯದಿದ್ದರೆ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಚಾಸಿಗೆ, ಇನ್ನೊಂದನ್ನು 49ರ ತಂತಿಗೆ ಹಿಡಿಯಬೇಕು. ಅಲ್ಲಿಯೂ ಬೆಳಕಿಲ್ಲವೆಂದರೆ ವಿದ್ಯುತ್ತು ಫ್ಲಾಷರಿನ ತನಕವೇ ಬಂದಿಲ್ಲ. ಹಿಂದಕ್ಕೆ ಫ್ಯೂಸಿನ ಕಡೆ ಹೋಗಬೇಕು. ಬೆಳಕಿದ್ದರೆ ಮುಂದಕ್ಕೆ ಸ್ವಿಚ್ಚಿನ ಕಡೆ ಹೋಗಬೇಕು.

ಮಿನುಗುವ ವೇಗವೂ ಒಂದು ಸಾಕ್ಷಿ. ಹಳೆಯ ಕಾಲದ, ಒಳಗಿನ ಪಟ್ಟಿ ಕಾದು ಬಾಗುವುದರಿಂದ ನಡೆಯುವ ಫ್ಲಾಷರುಗಳಲ್ಲಿ ಒಂದು ಬಲ್ಬ್ ಸುಟ್ಟರೆ ವಿದ್ಯುತ್ತು ಕಡಿಮೆಯಾಗಿ ಮಿನುಗು ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಎಲೆಕ್ಟ್ರಾನಿಕ್ ಫ್ಲಾಷರುಗಳಲ್ಲಿ ಇದಕ್ಕೆ ತದ್ವಿರುದ್ಧ: ಬಲ್ಬ್ ಸುಟ್ಟಿದೆಯೆಂದು ಚಾಲಕನಿಗೆ ತಿಳಿಸುವ ಸಲುವಾಗಿಯೇ ಅದು ದುಪ್ಪಟ್ಟು ವೇಗದಲ್ಲಿ ಮಿನುಗುತ್ತದೆ. ‘ಫ್ಲಾಷರ್ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದೆ, ಬದಲಾಯಿಸಿ’ ಎನ್ನುವವರು ದೂರು ತಂದವನನ್ನೇ ಶಿಕ್ಷಿಸುತ್ತಿದ್ದಾರೆ. 21 ವ್ಯಾಟಿನ ಜಾಗಕ್ಕೆ 10 ವ್ಯಾಟಿನ ಬಲ್ಬ್ ಹಾಕಿದರೂ ಇದೇ ಗೊಂದಲ. ಎಲ್‌ಇಡಿ ದೀಪಗಳನ್ನು ಹಾಕಿಸಿದವರು ಅವುಗಳಿಗೆ ಹೊಂದುವ ಫ್ಲಾಷರನ್ನೂ ಹಾಕಿಸಬೇಕು.

ಅರ್ತ್: ನಮ್ಮ ಭಾಗದ ಮುಖ್ಯ ಶತ್ರು

ನಮ್ಮ ತಾಲ್ಲೂಕುಗಳ ಲಾರಿಗಳಲ್ಲಿ ಅತಿ ಹೆಚ್ಚು ಶಂಕಿಸಬೇಕಾದ ಜಾಗ ಇದೇ ಎಂಬುದು ಈ ಲೇಖಕನ ಅಭಿಪ್ರಾಯ. ಕಬ್ಬಿನ ಗದ್ದೆಯ ಕೆಸರಿಗೆ ಇಳಿದ ಲಾರಿಯ ಹಿಂದಿನ ದೀಪದ ಪೆಟ್ಟಿಗೆಗೆ ಮಣ್ಣು ನೀರು ಸೇರುತ್ತದೆ. ಬೆಲ್ಲದ ಲಾರಿಗಳಲ್ಲಿ ಜೋನಿ ಸೋರಿ, ಸಕ್ಕರೆಯ ಅಂಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಲ್ಬಿನ ಹೋಲ್ಡರ್ ಒಳಗೆ ಹಸಿರು ಕಿಲುಬು, ದೀಪದ ಬೋಲ್ಟಿನ ಕೆಳಗೆ ತುಕ್ಕು. ಬಾಡಿ ಕಟ್ಟುವವರು ಬಳಿದ ಬಣ್ಣದ ಪದರ ಇವೆರಡರ ಮೇಲೆ ಮತ್ತೊಂದು ಅಡ್ಡಿ. ವಿದ್ಯುತ್ತು ಬಲ್ಬಿನ ತನಕ ಬಂದಿದೆ, ಮರಳಲು ದಾರಿಯಿಲ್ಲ.

ಇದರ ಲಕ್ಷಣಗಳು ವಿಚಿತ್ರವಾಗಿರುತ್ತವೆ. ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಜೊತೆಗೆ ಮಿನುಗುವುದು. ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗುವುದು ಅಥವಾ ನಿಲ್ಲುವುದು. ಹಗಲು ಸರಿಯಿದ್ದದ್ದು ರಾತ್ರಿ ಲೈಟು ಹಾಕಿದ ಮೇಲೆ ಕೆಡುವುದು. ತನ್ನ ದಾರಿ ಮುಚ್ಚಿದಾಗ ವಿದ್ಯುತ್ತು ಪಕ್ಕದ ಬಲ್ಬಿನ ತಂತುವಿನ ಮೂಲಕ ಮನೆಗೆ ಮರಳಲು ಯತ್ನಿಸುವುದೇ ಇದಕ್ಕೆ ಕಾರಣ. ಇಂಥ ಲಕ್ಷಣ ಕಂಡರೆ ಬೇರೇನನ್ನೂ ಮುಟ್ಟುವ ಮುನ್ನ, ದೀಪದ ಅರ್ತ್ ಜಾಗದಿಂದ ಚಾಸಿಯ ಶುಭ್ರ ಲೋಹಕ್ಕೆ ಒಂದು ತುಂಡು ತಂತಿಯನ್ನು ಹಿಡಿದು ನೋಡಬೇಕು. ದೀಪ ಸರಿಯಾದರೆ ಪತ್ತೆ ಮುಗಿಯಿತು. ಮಲ್ಟಿಮೀಟರ್ ಇದ್ದವರು ದೀಪ ಉರಿಯುತ್ತಿರುವಾಗ ಹೋಲ್ಡರಿನ ಲೋಹಕ್ಕೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಅಳೆಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಕೆಟ್ಟಿದೆ. ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದರೆ ಮಳೆಗಾಲಕ್ಕೆ ತಡೆಯುತ್ತದೆ. ಕ್ಯಾಬಿನ್‌ಗೂ ಚಾಸಿಗೂ ನಡುವಿನ ಹೆಣಿಗೆಯ ಅರ್ತ್ ಪಟ್ಟಿಯನ್ನೂ ಆಗಲೇ ನೋಡಿಬಿಡುವುದು ಒಳ್ಳೆಯದು.

ಫ್ಯೂಸಿನ ವಿಷಯದಲ್ಲಿ ರಾಜಿ ಬೇಡ

ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ತಂತಿಯ ಹೊದಿಕೆ ಸವೆದು ಚಾಸಿಗೆ ತಾಗುತ್ತಿದೆ. ಎಡಕ್ಕೆ ಹಾಕಿದಾಗ ಮಾತ್ರ ಸುಟ್ಟರೆ ಎಡದ ತಂತಿ, ಹಳ್ಳ ಹಾರಿದಾಗ ಮಾತ್ರ ಸುಟ್ಟರೆ ಅಲುಗಾಡುವ ಜಾಗದ ತಂತಿ ಎಂದು ತಿಳಿಯಬೇಕು. ಕ್ಯಾಬಿನ್ ಕೆಳಗೆ, ಚಾಸಿಯ ರಂಧ್ರಗಳಲ್ಲಿ, ಇಲಿ ಓಡಾಡುವ ಶೆಡ್ಡಿನಲ್ಲಿ ನಿಲ್ಲುವ ಲಾರಿಯಾದರೆ ಬ್ಯಾಟರಿ ಪೆಟ್ಟಿಗೆಯ ಸುತ್ತ ಹುಡುಕಬೇಕು. ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆಯನ್ನೋ ತಾಮ್ರದ ಎಳೆಯನ್ನೋ ಫ್ಯೂಸಿನ ಜಾಗಕ್ಕೆ ಸುತ್ತುವುದು ಆತ್ಮಹತ್ಯೆಗೆ ಸಮಾನ. ಒಣ ಕಬ್ಬಿನ ಸೋಗೆಯೋ ಭತ್ತದ ಹುಲ್ಲೋ ತುಂಬಿದ ಲಾರಿಗೆ ಕಾದ ಒಂದು ತಂತಿ ಸಾಕು.

ದೀಪವಿದ್ದೂ ಕಾಣದಿದ್ದರೆ

ಪಾಂಡವಪುರದ ಕಾರ್ಖಾನೆಗೋ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆಗೋ ಕಬ್ಬು ಹೊತ್ತು ಹೋಗುವ ಲಾರಿಗಳ ಹಿಂದೆ ನಿಂತು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಜೋತುಬಿದ್ದ ಕಬ್ಬಿನ ತುದಿ ಹಿಂದಿನ ದೀಪಗಳನ್ನು ಪೂರ್ತಿ ಮುಚ್ಚಿರುತ್ತದೆ. ಒಳಗೆ ಇಂಡಿಕೇಟರ್ ನಿಯಮದಂತೆ ಮಿನುಗುತ್ತಿದ್ದು ಏನು ಪ್ರಯೋಜನ? ಹಿಂದಿನ ದೀಪದ ತಂತಿಗೆ ಪ್ಲಗ್ ಮೂಲಕ ಜೋಡಿಸಬಹುದಾದ, ನಾಲ್ಕೈದು ಮೀಟರ್ ಉದ್ದದ ತಂತಿಯ ಒಂದು ಜೊತೆ ದೀಪಗಳನ್ನು ಮಾಡಿಸಿಟ್ಟು, ಹೊರೆ ಕಟ್ಟಿದ ಮೇಲೆ ಅದರ ಹಿಂತುದಿಗೆ ತೂಗುಹಾಕುವುದು ದುಬಾರಿಯ ಕೆಲಸವಲ್ಲ. ಇದರ ಅರ್ತ್ ತಂತಿಯನ್ನು ಪ್ರತ್ಯೇಕವಾಗಿ ತರಬೇಕೆಂಬುದನ್ನು ಮರೆಯಬಾರದು. ಟ್ರ್ಯಾಕ್ಟರ್ ಟ್ರೇಲರುಗಳಿಗೂ ಇದೇ ಮಾತು. ಎರಡನ್ನೂ ಕೂಡಿಸುವ ಕಬ್ಬಿಣದ ಪಿನ್ನು ಅರ್ತ್ ಕೊಡುತ್ತದೆಂದು ನಂಬುವುದು ತಪ್ಪು, ಗ್ರೀಸು ಮೆತ್ತಿದ ಪಿನ್ನು ವಿದ್ಯುತ್ತಿಗೆ ದಾರಿಯೇ ಅಲ್ಲ.

ಕಾರ್ಖಾನೆಯ ಮುಂದಿನ ಸಾಲಿನಲ್ಲಿಯೋ ಬೆಳ್ಳೂರು ಕ್ರಾಸಿನ ಹೋಟೆಲುಗಳ ಎದುರಿನಲ್ಲಿಯೋ ರಾತ್ರಿ ನಿಂತಾಗ ಬ್ಯಾಟರಿ ಇಳಿಯುತ್ತದೆಂಬ ಭಯದಿಂದ ಚಾಲಕರು ಹಜಾರ್ಡ್ ಆರಿಸಿಬಿಡುತ್ತಾರೆ. ಲೆಕ್ಕ ಹಾಕಿ ನೋಡೋಣ. 21 ವ್ಯಾಟಿನ ನಾಲ್ಕು ಬಲ್ಬು ಸೇರಿ 84 ವ್ಯಾಟ್. 24 ವೋಲ್ಟಿನಲ್ಲಿ ಇದು 3.5 ಆಂಪಿಯರ್. ಅರ್ಧ ಹೊತ್ತು ಆರಿಯೇ ಇರುವುದರಿಂದ ಸರಾಸರಿ 1.75 ಆಂಪಿಯರ್. ಎಂಟು ಗಂಟೆಗೆ 14 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ಬ್ಯಾಟರಿ ಹಳತಾಗಿ ಅರ್ಧ ಶಕ್ತಿಗೆ ಇಳಿದಿದ್ದರೂ ಇದನ್ನು ತಾಳಿಕೊಳ್ಳುತ್ತದೆ. ಒಂದು ರಾತ್ರಿ ತಾಳದ ಬ್ಯಾಟರಿಯಾದರೆ ಬದಲಿಸಬೇಕಾದ್ದು ಬ್ಯಾಟರಿಯನ್ನು.

ಇನ್ನು, ವೃತ್ತದಲ್ಲಿ ನೇರ ಹೋಗಲು ನಾಲ್ಕೂ ದೀಪ ಹಾಕುವ ರೂಢಿಯೊಂದಿದೆ. ಯಾವ ನಿಯಮವೂ ಇದನ್ನು ಹೇಳಿಲ್ಲ. ಒಂದು ಬದಿಯ ದೀಪವನ್ನಷ್ಟೇ ಕಾಣಬಲ್ಲ ಪಕ್ಕದ ವಾಹನದವನಿಗೆ ಅದು ತಿರುವಿನ ಸೂಚನೆಯಾಗಿಯೇ ತೋರುತ್ತದೆ.

ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು

ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಸಾಗಣೆದಾರರು ಆದಾಯ ತೆರಿಗೆಯ ಅಂದಾಜು ಲಾಭದ ಪದ್ಧತಿಯನ್ನು ಆರಿಸಿಕೊಳ್ಳಬಹುದು. 12 ಟನ್ ಒಟ್ಟು ತೂಕ ಮೀರಿದ ವಾಹನಕ್ಕೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಉಳಿದವಕ್ಕೆ ತಿಂಗಳಿಗೆ 7,500 ರೂಪಾಯಿ ಲಾಭವೆಂದು ಲೆಕ್ಕ. ಇದರಲ್ಲಿ ರಿಪೇರಿ ಖರ್ಚನ್ನು ಬೇರೆಯಾಗಿ ಕಳೆಯುವಂತಿಲ್ಲವಾದ್ದರಿಂದ ಬಿಲ್ಲುಗಳನ್ನು ಇಟ್ಟುಕೊಳ್ಳುವ ಅಭ್ಯಾಸವೇ ಹೋಗಿದೆ. ತೆರಿಗೆಗೆ ಬೇಡವಾದ ಈ ಬಿಲ್ಲುಗಳೇ, ಅಪಘಾತವಾದಾಗ ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟಿದ್ದೆವೆಂದು ನ್ಯಾಯಮಂಡಳಿಯ ಮುಂದೆ ತೋರಿಸಲು ಮಾಲೀಕನ ಕೈಯಲ್ಲಿರುವ ಕಾಗದ. ತನ್ನದೇ ಸರಕನ್ನು ಸಾಗಿಸಲು ಲಾರಿ ಇಟ್ಟುಕೊಂಡ ವರ್ತಕನಿಗೆ ಈ ಅಂದಾಜು ಪದ್ಧತಿ ಅನ್ವಯಿಸುವುದಿಲ್ಲ. ಬಾಡಿಗೆಗೆ ಓಡಿಸುವವರಿಗೆ ಮಾತ್ರ. ಲೆಕ್ಕ ಬರೆಯುವ ವರ್ತಕನ ರಿಪೇರಿ ಖರ್ಚು ವ್ಯಾಪಾರದ ಖರ್ಚೇ ಆಗುತ್ತದೆ. ಸರಕು ವಾಹನದ ಬಿಡಿಭಾಗಗಳ ಮೇಲೆ ತೆತ್ತ ಜಿಎಸ್‌ಟಿಯನ್ನು ಹಿಂಪಡೆಯಲು ನೋಂದಾಯಿತ ವರ್ತಕನಿಗೆ ಅವಕಾಶವಿದೆ, ಆದರೆ ಮಾರುವ ಸರಕು ತೆರಿಗೆಗೆ ಒಳಪಟ್ಟದ್ದಾಗಿರಬೇಕು. ಸಡಿಲ ಬೆಲ್ಲದಂಥ ವಿನಾಯಿತಿ ಸರಕನ್ನಷ್ಟೇ ಮಾರುವವರಿಗೆ ಇದು ದೊರೆಯದು.

ಪ್ರತಿ ಲಾರಿಗೂ ನೂರು ಪುಟದ ಒಂದು ನೋಟುಪುಸ್ತಕ ಸಾಕು. ದಿನಾಂಕ, ಓಡಿದ ಕಿಲೋಮೀಟರ್, ಚಾಲಕ ಹೇಳಿದ ಲಕ್ಷಣ, ಮೆಕ್ಯಾನಿಕ್ ಕಂಡ ದೋಷ, ಬದಲಾಯಿಸಿದ ಭಾಗ, ಬಿಲ್ಲಿನ ಸಂಖ್ಯೆ ಇವಿಷ್ಟನ್ನು ಬರೆಯಿಸಿ ಚಾಲಕನ ಸಹಿ ಪಡೆಯಬೇಕು. ಲಕ್ಷಣ ಮತ್ತು ದೋಷ ಎಂಬ ಎರಡು ಕಾಲಂಗಳನ್ನು ಬೇರೆ ಬೇರೆಯಾಗಿಯೇ ಇಡತಕ್ಕದ್ದು. ದೋಷದ ಕಾಲಂ ಖಾಲಿಯಿದ್ದು ಭಾಗ ಮಾತ್ರ ಬದಲಾಗಿದ್ದರೆ, ಆ ಬಿಲ್ಲನ್ನು ಪಾವತಿಸುವ ಮುನ್ನ ಮೆಕ್ಯಾನಿಕ್‌ನನ್ನು ಕರೆದು ಕೇಳಬಹುದು.